ಸಹವಾಸದ ಚೀಟಿ

ಮೂವತ್ತು ವರ್ಷ ನಿಘಂಟು ಕಚೇರಿಯಲ್ಲಿ ಪದಗಳ ಜೊತೆ ಗುದ್ದಾಡಿದ ನಮ್ಮ ನಿಘಂಟಕ್ಕನಿಗೆ ಮನೆಯಲ್ಲಿ ಒಂದೇ ಒಂದು ಮಾತು ಆಡಲು ಬಾಯಿ ಬರಲಿಲ್ಲ. ಅವಳ ಅತ್ತಿಗೆ ಮರುದಿನ ಬೆಳಿಗ್ಗೆ ಹೊಲಿಗೆ ಸಾಮಾನು ಕಟ್ಟಿಕೊಂಡು ಮಗಳ ಮನೆಗೆ ಹೊರಡುವವರಿದ್ದರು, ಅಲ್ಲೇ ಇದ್ದುಬಿಡಲಿಕ್ಕೆ. ಬೇಡ ಎನ್ನಲು ತಾನ್ಯಾರು? ಕರೆದವಳು ಹೊಟ್ಟೆಯಲ್ಲಿ ಹುಟ್ಟಿದ ಮಗಳು. ತಾನು ಬರೀ ನಾದಿನಿ.

ಹೊರಡುವ ಹಿಂದಿನ ದಿನವೇ ನಿಘಂಟಕ್ಕನ ಮೇಜಿಗೆ 'ಸಹವಾಸ' ಬರಬೇಕೇ! ಪದದ ಹುಟ್ಟು ಸುಲಭ. ಸಂಸ್ಕೃತದ 'ಸಹ' ಎಂದರೆ ಜೊತೆ, 'ವಾಸ' ಎಂದರೆ ಇರುವುದು, ಒಟ್ಟಿಗೆ ಬಾಳುವುದು. ತೊಡಕಿದ್ದದ್ದು ಉದಾಹರಣೆಯಲ್ಲಿ. ಪ್ರತಿ ಅರ್ಥಕ್ಕೂ ಯಾರಾದರೂ ನಿಜವಾಗಿ ಆಡಿದ ವಾಕ್ಯವೇ ಬೇಕು, ಆಡಿದವರು ಯಾರು, ಯಾವತ್ತು ಎಂಬ ವಿವರದ ಸಮೇತ. ಡ್ರಾಯರ್ ಎಳೆದರೆ ಅಂಥ ವಾಕ್ಯ ಬರೆದಿಟ್ಟ ಚೀಟಿಗಳೆಲ್ಲ ಜಗಳಗಂಟಿಗಳೇ. "ನಿನ್ನ ಸಹವಾಸ ಸಾಕಪ್ಪ ಸಾಕು." "ಅವನ ಸಹವಾಸಕ್ಕೆ ಹೋಗ್ಬೇಡ." ಪಾಪ, ಒಟ್ಟಿಗೆ ಬಾಳಲು ಹುಟ್ಟಿದ ಪದವನ್ನು ಜನ ಒಬ್ಬರನ್ನೊಬ್ಬರು ದೂರ ತಳ್ಳಲು ಬಳಸಿ ಬಳಸಿ ಸವೆಸಿದ್ದರು.

ಇವುಗಳಲ್ಲಿ ಅರ್ಧಕ್ಕರ್ಧ ಅತ್ತಿಗೆ ತಂದುಕೊಟ್ಟವು. ಗಂಡ ತೀರಿಕೊಂಡ ಮೇಲೆ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿದ ಅವರು, ತೋಳಿನ ಉದ್ದ, ಎದೆ ಸುತ್ತಳತೆ ಬರೆಯುವ ಚೀಟಿಗಳ ಹಿಂದೆಯೇ ಗಿರಾಕಿಗಳ ಮಾತನ್ನೂ ಬರೆದಿಡುತ್ತಿದ್ದರು. ಓದಿದ್ದು ಏಳನೇ ಕ್ಲಾಸು. ಆದರೆ ಎಂಥ ಕಿವಿ ಅದು! ಟೇಪು ಕೊರಳಲ್ಲಿ, ಗುಂಡುಸೂಜಿ ತುಟಿಯಲ್ಲಿ, ಒಂದು ಮಾತನ್ನೂ ನೆಲಕ್ಕೆ ಬೀಳಗೊಡುತ್ತಿರಲಿಲ್ಲ. ಇಡೀ ಕಚೇರಿಯನ್ನು ತಕ್ಕಡಿಗೆ ಹಾಕಿದರೂ ನಮ್ಮ ಅತ್ತಿಗೆಯ ತೂಕವೇ ಹೆಚ್ಚು ಎಂದು ನಿಘಂಟಕ್ಕ ಸಹೋದ್ಯೋಗಿಗಳ ಮುಂದೆ ನೂರು ಸಲ ಹೇಳಿದ್ದಳು. ಅತ್ತಿಗೆಯ ಮುಂದೆ ಮಾತ್ರ ಒಮ್ಮೆಯೂ ಹೇಳಿರಲಿಲ್ಲ.

ಡ್ರಾಯರಿನ ತಳಕ್ಕೆ ಒಂದು ಚೀಟಿ ಅಂಟಿಕೊಂಡಿತ್ತು. ಕಟ್ಟುಗಟ್ಟಲೆ ಬಂದವುಗಳ ನಡುವೆ ಅವಳು ಓದಿಯೇ ಇರದ ಚೀಟಿ. ಅತ್ತಿಗೆಯ ದುಂಡು ಅಕ್ಷರ: "'ಯಾರೇನೇ ಅನ್ನಲಿ ಅತ್ತಿಗೆ, ನಿಮ್ಮ ಸಹವಾಸ ನಾನು ಬಿಡಲ್ಲ. ಇದ್ದರೆ ಇಬ್ಬರೂ ಇದೇ ಮನೇಲಿ.' ಆಡಿದವರು: ನಾದಿನಿ." ತಾರೀಖು ಅಣ್ಣ ತೀರಿಕೊಂಡ ತಿಂಗಳದ್ದು. ಆಡಿದವಳಿಗೇ ಆ ಮಾತು ಮರೆತುಹೋಗಿತ್ತು. ಹಿಂದೆ ತಿರುಗಿಸಿದರೆ ಅವಳದೇ ಅಳತೆ, ಅತ್ತಿಗೆ ಮೊದಲು ಹೊಲಿದುಕೊಟ್ಟ ನೀಲಿ ರವಿಕೆಯದು.

ಬಿದ್ದಂಬೀಳ ಮನೆಗೆ ಓಡಿದಳು. ಅತ್ತಿಗೆ ಪೆಟ್ಟಿಗೆಗೆ ಹಗ್ಗ ಬಿಗಿದು ಗಂಟು ಹಾಕುತ್ತಿದ್ದರು. ಚೀಟಿಯನ್ನು ಕೈಗಿಟ್ಟಾಗ ಕನ್ನಡಕ ಏರಿಸಿ ಓದಿದರು.

"ಹಳೇ ಮಾತು" ಎಂದರು. "ಬಳಕೆ ತಪ್ಪಿದ ಪದಕ್ಕೆ ನೀವು ಚುಕ್ಕಿ ಇಡ್ತೀರಂತಲ್ಲ, ಇದಕ್ಕೂ ಇಟ್ಬಿಡು. ಇರಿ ಅಂತ ನಿನ್ನ ಬಾಯಲ್ಲಿ ಬರುತ್ತೇನೋ ಅಂತ ಹದಿನೈದು ದಿನದಿಂದ ಕಾದೆ."

"ಚುಕ್ಕಿ ಬೇಡ ಅತ್ತಿಗೆ." ನಿಘಂಟಕ್ಕ ಪೆಟ್ಟಿಗೆಯ ಮೇಲೆ ಕೈಯಿಟ್ಟಳು. "ಇರಿ. ನೀವಿಲ್ದೆ ನನ್ನ ಕೈಲಾಗಲ್ಲ."

ಅತ್ತಿಗೆ ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದು ಹಳೇ ತಾರೀಖಿನ ಕೆಳಗೆ ಅವತ್ತಿನ ತಾರೀಖನ್ನೂ ಬರೆದರು.

"ಮಗಳಿಗೆ ಫೋನು ನಾನು ಮಾಡ್ತೀನಿ. ನೀನು ಈ ಗಂಟು ಬಿಚ್ಚು" ಎಂದರು, ಮೂಗೊರೆಸಿಕೊಂಡು. "ಉಗುರಲ್ಲೇ ಬಿಚ್ಚಬೇಕು ನೋಡು, ಕತ್ತರಿ ಪೆಟ್ಟಿಗೆ ಒಳಗೇ ಇದೆ."