ಸೊಸೆಯ ಫೈಲಿಗೊಂದು ತಪ್ಪು–ಒಪ್ಪು

ಸೊಸೆಗೆ ಮೂರು ತಿಂಗಳು. ಮನೆಯಲ್ಲಿ ಹಿಗ್ಗೋ ಹಿಗ್ಗು. ಆದರೆ ಮೊದಲ ತಪಾಸಣೆಗೆ ಹೋದವಳು ಮುಖ ಸಪ್ಪಗೆ ಮಾಡಿಕೊಂಡು ಬಂದಳು. ಎರಡು ವರ್ಷದ ಹಿಂದೆ ಅವಳ ಎಡಗಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತೆಂದು ಆಸ್ಪತ್ರೆಯ ಕಂಪ್ಯೂಟರ್ ಹೇಳುತ್ತಿದೆಯಂತೆ. ಒಮ್ಮೆ ಹಾಗಾದವರಿಗೆ ಬಸಿರಿನಲ್ಲಿ ಮತ್ತೆ ಆಗುವ ಭಯ. ಅದಕ್ಕೇ ಹೆರಿಗೆಯಾಗುವವರೆಗೆ, ಆಮೇಲೂ ಆರು ವಾರ, ದಿನಾ ಒಂದು ಇಂಜೆಕ್ಷನ್. ಅದೂ ಹೊಟ್ಟೆಗೆ. ಸೋಮವಾರದಿಂದಲೇ ಶುರು.

ಸೂಜಿ ಕಂಡರೆ ಕಣ್ಣು ಮುಚ್ಚುವ ಹುಡುಗಿ ಅವಳು. ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಬೇರೆ. ಆಗ ಕಾಲು ಊದಿದ್ದು ನಿಜ, ವಾರ್ಡಿನಲ್ಲಿ ಒಂದು ದಿನ ಮಲಗಿದ್ದೂ ನಿಜ. ಆದರೆ ಸ್ಕ್ಯಾನ್ ನೋಡಿದ ಡಾಕ್ಟರು, ಮೀನಖಂಡದ ಸ್ನಾಯು ಎಳೆದಿದೆ ಅಷ್ಟೇ ಎಂದು ಮನೆಗೆ ಕಳಿಸಿದ್ದರು.

ಅತ್ತೆ ಒಪ್ಪಬೇಕಲ್ಲ. ಇಪ್ಪತ್ತೆಂಟು ವರ್ಷ ಮುದ್ರಣಾಲಯದಲ್ಲಿ ಪುಸ್ತಕ ಹೊಲಿದು ರಟ್ಟು ಹಾಕಿದ ಜೀವ. ಅಚ್ಚಾದ ಅಕ್ಷರದ ಮೇಲೆ ಅವರಿಗೆ ಹೆತ್ತ ಮಗನಿಗಿಂತ ಹೆಚ್ಚು ನಂಬಿಕೆ. ಮಗನೂ ಅದಕ್ಕೆ ಹೊಂದಿಕೊಂಡಿದ್ದಾನೆ.

“ನಿನಗೆ ನೆನಪಿಲ್ದೇ ಇರಬಹುದು. ಅಷ್ಟು ದೊಡ್ಡ ಆಸ್ಪತ್ರೆಯವರು ಸುಮ್ನೆ ಬರೀತಾರಾ?” ಎಂದರು ಅತ್ತೆ.

ಎದುರುಮನೆಯ ಅಕ್ಕ ಅದೇ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಕೆಲಸಕ್ಕಿದ್ದಳು. ಸೊಸೆ ಹೇಳಿಕೊಂಡಾಗ, ಅಕ್ಕ ಅವಳಿಂದಲೇ ಅರ್ಜಿ ಬರೆಸಿ ಹಳೆಯ ಫೈಲು ತೆಗೆಸಿದಳು. ಮೊದಲ ಹಾಳೆಯಲ್ಲಿ ಡಾಕ್ಟರ ಕೈಬರಹ: ‘ರಕ್ತ ಹೆಪ್ಪು?’ ಅಂದರೆ ಬರೀ ಅನುಮಾನ. ಕೊನೆಯ ಹಾಳೆ ಸ್ಕ್ಯಾನ್ ವರದಿ: ಹೆಪ್ಪು ಇಲ್ಲ. ಕಂಪ್ಯೂಟರಿಗೆ ಏರಿಸಿದವರು ಕೊನೆಯ ಹಾಳೆಯವರೆಗೆ ಹೋಗಿರಲಿಲ್ಲ. ಪ್ರಶ್ನಾರ್ಥಕ ಚಿಹ್ನೆ ಹಾಕಲು ಆ ಕಂಪ್ಯೂಟರಿನಲ್ಲಿ ಜಾಗವೂ ಇರಲಿಲ್ಲ. ಹೀಗೆ ಅನುಮಾನ ಬಿಟ್ಟುಹೋಗಿ ಕಾಯಿಲೆ ಮಾತ್ರ ಉಳಿದುಕೊಂಡಿತ್ತು.

ಆ ಹಾಳೆಗಳ ಪ್ರತಿ ತಂದು ತೋರಿಸಿದರೂ ಅತ್ತೆ ಜಗ್ಗಲಿಲ್ಲ. ಕಂಪ್ಯೂಟರಿನ ಮುಂದೆ ಹಳೆ ಕಾಗದ ಯಾವ ಲೆಕ್ಕ ಎಂದರು.

ಆಗ ಅಕ್ಕ ಕೇಳಿದಳು: “ಅಮ್ಮಾ, ನಿಮ್ಮ ಪ್ರೆಸ್ಸಲ್ಲಿ ಪುಸ್ತಕದ ಹಿಂದೆ ಒಂದು ಚೀಟಿ ಅಂಟಿಸ್ತಿದ್ರಲ್ಲ, ಅದೇನು?”

“ತಪ್ಪು–ಒಪ್ಪು. ಎಡಗಡೆ ಅಚ್ಚಾಗಿರೋ ತಪ್ಪು, ಬಲಗಡೆ ಸರಿಯಾದ್ದು. ಎಷ್ಟು ಅಂಟಿಸಿದೀನೋ, ಬೆರಳೆಲ್ಲ ಗೋಂದು…” ಎನ್ನುತ್ತ ಅತ್ತೆ ಅರ್ಧಕ್ಕೇ ನಿಲ್ಲಿಸಿದರು. ಸೊಸೆಯ ಮುಖ ನೋಡಿದರು. “ಅಲ್ಲೂ ಕೂತಿರೋರು ಮನುಷ್ಯರೇ ತಾನೇ. ಸೋಮವಾರ ನಾನೂ ಬರ್ತೀನಿ.”

ಸೋಮವಾರ ಮೂವರೂ ಹೋದರು, ಅತ್ತೆಯೇ ಮುಂದೆ. ಡಾಕ್ಟರು ವರದಿ ಓದಿ, ಹಳೆಯ ಸ್ಕ್ಯಾನ್ ಚಿತ್ರಗಳನ್ನೂ ತಜ್ಞರಿಂದ ಮತ್ತೆ ನೋಡಿಸಿದರು. ಹೆಪ್ಪು ಆಗಿರಲೇ ಇಲ್ಲ. ಇಂಜೆಕ್ಷನ್ ಬೇಡವೆಂದು ಬರೆದು, ದಾಖಲೆ ತಿದ್ದುವ ಹಾಳೆಗೂ ಅಲ್ಲೇ ಸಹಿ ಹಾಕಿದರು. ಸೊಸೆ ಗೆದ್ದಳು. ಆದರೆ ಓಣಿಯಲ್ಲೆಲ್ಲ ಗೆದ್ದವರ ಹಾಗೆ ಓಡಾಡಿದ್ದು ಅತ್ತೆ.

ಅಷ್ಟಕ್ಕೇ ನಿಲ್ಲಲಿಲ್ಲ. ಕಾಲಿನ ಸ್ಕ್ಯಾನ್ ಆದವರ ಫೈಲುಗಳನ್ನೆಲ್ಲ ತೆಗೆದು, ವರದಿಗೂ ಕಂಪ್ಯೂಟರಿಗೂ ತಾಳೆ ನೋಡಲು ಡಾಕ್ಟರು ಹೇಳಿದರು. ಇಂಥವೇ ಒಂಬತ್ತು ತಪ್ಪು ಸಿಕ್ಕವು. ಉಲ್ಟಾ ಕೂಡ ಒಂದು ಸಿಕ್ಕಿತು. ಗೋಡೆಗೆ ಬಣ್ಣ ಬಳಿಯುವವನೊಬ್ಬನಿಗೆ ನಿಜವಾಗಿ ಹೆಪ್ಪುಗಟ್ಟಿತ್ತು, ಕಂಪ್ಯೂಟರಿನಲ್ಲಿ ಬರೀ ಕಾಲುನೋವು ಎಂದಿತ್ತು. ಅವನಿಗೆ ಮರುವಾರವೇ ಮೊಣಕಾಲಿನ ಆಪರೇಷನ್. ಆಪರೇಷನ್ ಆದಮೇಲೂ ಅಂಥವರಿಗೆ ಮತ್ತೆ ಹೆಪ್ಪುಗಟ್ಟುವ ಭಯ. ವಿಷಯ ಮೊದಲೇ ಗೊತ್ತಾಗಿ ಡಾಕ್ಟರು ಬೇಕಾದ ಎಚ್ಚರಿಕೆ ವಹಿಸಿದರು. ಈಗ ಆತ ಮತ್ತೆ ಏಣಿ ಹತ್ತುತ್ತಿದ್ದಾನೆ.

ಸೊಸೆಗೆ ಸುಖವಾಗಿ ಹೆಣ್ಣು ಮಗುವಾಯಿತು.

ಓದುವವರೇ, ಕೇಳುವವರೇ, ಆಸ್ಪತ್ರೆಯಿಂದ ಹೊರಡುವ ಮುಂಚೆ ಅವರು ಕೊಟ್ಟ ಕಾಗದ ಓದಿ, ಇಲ್ಲವೇ ಓದಿಸಿಕೊಳ್ಳಿ. ಬರೆದಿರುವ ಕಾಯಿಲೆ ಅನುಮಾನವೋ, ಪರೀಕ್ಷೆಯಲ್ಲಿ ಖಚಿತವಾದದ್ದೋ ಎಂದು ಕೇಳಿ. ಸ್ಕ್ಯಾನ್ ವರದಿ ಜೋಪಾನವಾಗಿಡಿ. ತಪ್ಪು ಕಂಡರೆ ಅರ್ಜಿ ಕೊಟ್ಟು ತಿದ್ದಿಸಿ. ಆದರೆ ಡಾಕ್ಟರನ್ನು ಕೇಳದೆ ಯಾವ ಔಷಧಿಯನ್ನೂ ನಿಲ್ಲಿಸಬೇಡಿ. ಒಂದೇ ಕಾಲು ಊದಿ ನೋವಾದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ತಡಮಾಡದೆ ಆಸ್ಪತ್ರೆಗೆ ಹೋಗಿ. ನಿಮ್ಮ ಮೈಗೆ ಏನಾಗಿತ್ತೆಂಬುದನ್ನು ಸರಿಯಾಗಿ ಬರೆಯಿರಿ ಎಂದು ಕೇಳಲು ನೀವು ಯಾರಿಗೂ ಹೆದರಬೇಕಾಗಿಲ್ಲ.