ಗಾದಿಯ ಮೇಲಿನ ಬಾಸ್ ಗಿಟಾರ್

ನಾನು ಒಂದು ಬಾಸ್ ಗಿಟಾರ್. ಗಿಟಾರ್ ಅಂದಕೂಡಲೇ ಆರು ತಂತಿಯ ಆ ನಾಜೂಕಿನವಳನ್ನು ನೆನೆಯಬೇಡಿ. ನನಗಿರುವುದು ನಾಲ್ಕೇ ತಂತಿ, ಅವೂ ದಪ್ಪ. ಯಾವುದೋ ಕಾರ್ಖಾನೆಯಲ್ಲಿ ಮರ ಕೊಯ್ದು, ಉಜ್ಜಿ, ಕಂದು ಬಣ್ಣ ಬಳಿದು ನನ್ನನ್ನು ಹುಟ್ಟಿಸಿದರು. ಹುಟ್ಟಿದಂದೇ ಒಂದು ಕಟ್ಟಳೆ ಅಂಟಿಕೊಂಡಿತು: ಹೊಡೆದರೆ ನುಡಿಯಬೇಕು, ಬಿಟ್ಟರೆ ಸುಮ್ಮನಿರಬೇಕು. ನನ್ನದೇ ಅಂತ ಒಂದು ಮಾತನ್ನು ಇವತ್ತಿನವರೆಗೂ ಆಡಿಲ್ಲ.

ನನ್ನನ್ನು ಮೊದಲು ಕೊಂಡವರು ಹುಬ್ಬಳ್ಳಿಯ ರೈಲ್ವೆ ಗಾರ್ಡ್ ಡೆಸ್ಮಂಡ್ ಸಾಹೇಬರು. ಅವರಿಗೆ ಫಂಕ್ ಎಂಬ ಸಂಗೀತದ ಹುಚ್ಚು. ಅದರಲ್ಲಿ ಹಾಡುಗಾರ ನೆಪಕ್ಕೆ. ಜನರನ್ನು ಕುಣಿಸುವುದು ಬಾಸ್ ಮತ್ತು ಡ್ರಮ್ಮಿನ ಜೋಡಿ. ಹೆಬ್ಬೆರಳಿನಿಂದ ತಂತಿಗೆ ಫಟ್ಟೆಂದು ಬಡಿದು, ತೋರುಬೆರಳಿನಿಂದ ಎಳೆದು ಚಿಮ್ಮಿಸಬೇಕು. ಮಿಷನ್ ಕಾಂಪೌಂಡಿನ ಹುಡುಗ ಎಡ್ವಿನ್ ಮುಂಡರಗಿಗೆ ಅದನ್ನು ಕಲಿಸಿದವರು ಅವರೇ. "ಉಳಿದದ್ದೆಲ್ಲಾ ಬಿಟ್ರೂ ಬಿಡು, ಮೊದಲನೇ ಪೆಟ್ಟು ಬಿಡಬ್ಯಾಡ. ಅದು ಡ್ರಮ್ಮಿನ ಕೂಡನ ಬೀಳಬೇಕು," ಎನ್ನುತ್ತಿದ್ದರು. ನಿವೃತ್ತರಾಗಿ ಊರು ಬಿಡುವಾಗ ನನ್ನನ್ನು ಅವನ ತೊಡೆಯ ಮೇಲಿಟ್ಟು ಹೋದರು.

ಎಡ್ವಿನ್ ಹೊಟ್ಟೆಪಾಡಿಗೆ ಮದುವೆ ಆರ್ಕೆಸ್ಟ್ರಾ ಸೇರಿದ. ಅಲ್ಲಿ ಬಾಸಿನ ದನಿ ಕೀಬೋರ್ಡಿನಿಂದಲೇ ಬರುತ್ತಿತ್ತು. "ನೋಡಪಾ, ಸ್ಟೇಜ್ ತುಂಬಿದಂಗ ಕಾಣಬೇಕು. ಕೋಟ್ ಹಾಕ್ಕೊಂಡು ನಿಂದ್ರು, ಬಾರಿಸಿದಂಗ ಮಾಡು, ಸಾಕು," ಎಂದು ಮಾಲೀಕರು ಮೊದಲ ದಿನವೇ ಹೇಳಿಬಿಟ್ಟರು. ಇಪ್ಪತ್ತೆರಡು ವರ್ಷ, ವಾದ್ಯಗಳ ದನಿ ಏರಿಳಿಸುವ ಮಿಕ್ಸರಿನಲ್ಲಿ ನನ್ನ ಗುಂಡಿ ಕೆಳಗೇ ಇತ್ತು. ಎಡ್ವಿನ್ ಅಷ್ಟಕ್ಕೆ ಸುಮ್ಮನಿರುವವನೇ? ಯಾರಿಗೂ ಕೇಳಿಸದ ಮೇಲೆ ಯಾರ ಭಯ! ಗಾಯಕಿ ವಧುವರರಿಗೆ ಹಾಡುತ್ತಿದ್ದರೆ ಇವನ ಹೆಬ್ಬೆರಳು ಅದರಡಿಯಲ್ಲಿ ಫಂಕ್ ಬಡಿಯುತ್ತಿತ್ತು. ಆ ನಡುಕ ನನ್ನ ಬೆನ್ನಿನಿಂದ ಅವನ ಹೊಟ್ಟೆಗೆ ಹೋಗುತ್ತಿತ್ತು. ಕೇಳುಗರು ನಾವಿಬ್ಬರೇ.

ವರ್ಷಕ್ಕೊಮ್ಮೆ ಬೆಂಗಳೂರಿಗೆ ಫಂಕ್ ಕಛೇರಿ ಕೇಳಲು ಹೋಗುತ್ತಿದ್ದ. ನುಡಿಸಲು ಕರೆದವರಿಲ್ಲ, ಆದರೂ ನನ್ನನ್ನು ಬೆನ್ನಿಗೇರಿಸಿಕೊಂಡೇ ಹೋಗುತ್ತಿದ್ದ. ದೊಡ್ಡ ಸ್ಪೀಕರಿನ ಎದುರಿಗೇ ನಿಂತು ಮೈಮರೆಯುತ್ತಿದ್ದ. "ಅಷ್ಟ್ ದೂರ ಹೋಗಿ ಏನ್ ಕೇಳಿ ಬಂದ್ರಿ?" ಎಂದು ಹೆಂಡತಿ ಸುಗಂಧಿ ಕೆಣಕಿದರೆ, "ಕಿವೀಲೆ ಕೇಳೂದಲ್ಲ ಅದು, ಎದಿಗೇ ಬಂದು ಬಡೀತೈತಿ. ಒಂದ್ ವರ್ಷದ ಸಂತೋಷ ಒಂದ ತಾಸಿನ್ಯಾಗ ಸಿಗತೈತಿ," ಎನ್ನುತ್ತಿದ್ದ.

ಆ ಸ್ಪೀಕರುಗಳೇ ಅವನ ಕಿವಿ ತಿಂದವು. ಮೊದಲು ಗೊತ್ತಾದದ್ದು ನನಗೆ. ತಲೆ ಓರೆ ಮಾಡಿ ಆಲಿಸಿ ಶ್ರುತಿ ಮಾಡುತ್ತಿದ್ದವನು, ಬರಬರುತ್ತ ನನ್ನ ಮೈಯನ್ನು ದವಡೆಗೆ ಒತ್ತಿಕೊಂಡು, ಮೂಳೆಯಲ್ಲಿ ಹರಿಯುವ ಗುಂಯ್‌ನಿಂದ ಶ್ರುತಿ ಹಿಡಿಯತೊಡಗಿದ. ತುಟಿ ನೋಡಿ ಮಾತು ಹಿಡಿಯುತ್ತಿದ್ದ, ಸುಗಂಧಿಗೂ ಹೇಳಲಿಲ್ಲ. ಆರ್ಕೆಸ್ಟ್ರಾದವರಿಗೆ ತಿಳಿಯುವ ಮಾತೇ ಇಲ್ಲ. ಅವನ ತಪ್ಪು ಕೇಳಲು ಅವನ ಬಾಸ್ ಕೇಳಬೇಕಲ್ಲ! ನನಗೆ ಗೊತ್ತಿತ್ತು. ಗೊತ್ತಿದ್ದು ಏನು ಬಂತು, ಮಣ್ಣು?

ಅಂಥ ಹೊತ್ತಿನಲ್ಲಿ, ಅವನ ಐವತ್ತೆರಡನೆಯ ವಯಸ್ಸಿನಲ್ಲಿ, ಅವನು ಆಸೆಪಟ್ಟ ಕರೆ ಬಂತು. ಬ್ಯಾಂಕ್ ಉದ್ಯೋಗಿ ನಾಜಿಯಾ ಡ್ರಮ್ ಬಾರಿಸುತ್ತಿದ್ದಳು. ಇಬ್ಬರು ಗೆಳೆಯರನ್ನು ಕೂಡಿಸಿಕೊಂಡು ಹುಬ್ಬಳ್ಳಿಯಲ್ಲೇ ಫಂಕ್ ಕಛೇರಿ ಮಾಡಲು ಹೊರಟಿದ್ದಳು. ಒಂದು ಮದುವೆಯಲ್ಲಿ ಇವನ ಹೆಬ್ಬೆರಳು ಫಂಕ್ ಬಡಿಯುವುದನ್ನು ಕಂಡಿದ್ದಳು. "ಬಾಸ್‌ಗೆ ನೀವ ಬೇಕ್ರಿ ಅಂಕಲ್," ಎಂದಳು. ತಾಲೀಮು ಅವಳ ಮನೆಯ ಹಲಗೆ ಹಾಸಿದ ಮಾಳಿಗೆಯಲ್ಲಿ. ಎಡ್ವಿನ್ ಚಪ್ಪಲಿ ಬಿಟ್ಟು ನಿಂತ. ಡ್ರಮ್ಮಿನ ಪೆಟ್ಟು ಹಲಗೆಯಲ್ಲಿ ಹರಿದು ಅಂಗಾಲಿಗೆ ಬಂದು ಬಡಿಯುತ್ತಿತ್ತು. ಒಂದೇ ಒಂದು ಪೆಟ್ಟೂ ತಪ್ಪಲಿಲ್ಲ. ಚಪ್ಪಲಿ ಬಿಟ್ಟದ್ದು ಭಕ್ತಿಯಿಂದ ಎಂದು ನಾಜಿಯಾ ತಿಳಿದಳು.

ಕಛೇರಿ ಭಾನುವಾರ ಬೆಳಿಗ್ಗೆ, ಹಿಂದೂಸ್ತಾನಿ ಸಂಗೀತ ನಡೆಯುವ ಸಭಾಗೃಹದಲ್ಲಿ. ಯಾರದೇ ಕಛೇರಿ ಇರಲಿ, ಭಾನುವಾರ ಬಂದು ಮುಂದಿನ ಸಾಲಿನಲ್ಲಿ ಕೂರುವ ಹಳೆಯ ರಸಿಕರು ಅವತ್ತೂ ಬಂದಿದ್ದರು, ಅವರ ನಡುವೆ ತಾಳ ಬಲ್ಲ ಗಲಗಲಿ ಮಾಸ್ತರರು. ವೇದಿಕೆ ಹತ್ತಿದಾಗ ಕಂಡದ್ದೇನು! ಹಿರಿಯ ಕಲಾವಿದರೆಂದು ಸಂಘಟಕರು ಎಡ್ವಿನ್ ನಿಲ್ಲುವ ಜಾಗಕ್ಕೆ ಒಂದರ ಮೇಲೊಂದು ಮೂರು ಹತ್ತಿಯ ಗಾದಿ ಹಾಸಿ, ಬಿಳಿ ಚಾದರ ಹೊದಿಸಿದ್ದರು. ಕೂತು ಹಾಡುವ ದೊಡ್ಡ ಗಾಯಕರಿಗೆ ಕೊಡುವ ಮರ್ಯಾದೆ ಅದು. ಅಷ್ಟು ಹತ್ತಿಯನ್ನು ದಾಟಿ ಡ್ರಮ್ಮಿನ ಪೆಟ್ಟು ಬಂದೀತೇ!

ಬೇಡವೆಂದರೆ ಕಾರಣ ಹೇಳಬೇಕು. ಹೇಳಿದರೆ ಈ ಒಂದು ಕಛೇರಿಯೂ ಕೈತಪ್ಪುತ್ತದೆ. ಎಡ್ವಿನ್ ಕೈಮುಗಿದು ಗಾದಿ ಹತ್ತಿದ. ಅಂಗಾಲು ಹತ್ತಿಯಲ್ಲಿ ಹೂತುಹೋಯಿತು. ಸ್ಪೀಕರುಗಳ ಮುಖ ಸಭೆಯ ಕಡೆಗಿತ್ತು. ಬೆನ್ನ ಹಿಂದೆ ಡ್ರಮ್ ಶುರುವಾಯಿತು, ಅವನ ಕಾಲಿಗೆ ಏನೂ ಬರಲಿಲ್ಲ. ಅಂದಾಜಿನಲ್ಲಿ ಬಾರಿಸತೊಡಗಿದ. ಮೊದಲು ಕೂದಲೆಳೆ ಮುಂದೆ, ಆಮೇಲೆ ಅರ್ಧ ಪೆಟ್ಟು ಮುಂದೆ. ಅಯ್ಯೋ, ನಿಲ್ಲಿಸೋ ಎಂದು ಕೂಗಬೇಕೆನಿಸಿತು. ಆದರೆ ಅವನು ಹೊಡೆದ, ನಾನು ನುಡಿದೆ. ಇಪ್ಪತ್ತೆರಡು ವರ್ಷದ ಮೇಲೆ ನನ್ನ ಗುಂಡಿ ಮೇಲಿತ್ತು, ಇಡೀ ಸಭೆಗೆ ನನ್ನ ತಪ್ಪೇ ಕೇಳುತ್ತಿತ್ತು.

ಮುಂದಿನ ಸಾಲಿನವರು ರೂಢಿಯಂತೆ ತೊಡೆ ತಟ್ಟಿ ತಾಳ ಹಾಕುತ್ತಿದ್ದರು. ಆ ಕೈಗಳು ತಡವರಿಸಿದವು, ನಿಂತವು. ನಿಂತುಹೋದ ಆ ಕೈಗಳನ್ನು ಎಡ್ವಿನ್ ನೋಡಿದ. ನನ್ನ ತಂತಿಗಳ ಮೇಲೆ ಅಂಗೈ ಒತ್ತಿ ಸುಮ್ಮನಾಗಿಸಿ ಮೈಕಿನ ಹತ್ತಿರ ಹೋದ.

"ತಪ್ಪಾತ್ರಿ. ನನಗ ಕಿವಿ ಕೇಳೂದಿಲ್ಲ. ನಾಕು ವರ್ಷ ಆತು. ಕಾಲಿಗೆ ಡ್ರಮ್ ಕೇಳತಿತ್ತು. ಈ ಗಾದಿ ಮ್ಯಾಲ ಅದೂ ಕೇಳವಲ್ದು."

ಸಭೆಯಲ್ಲಿ ಕೂತಿದ್ದ ಸುಗಂಧಿ ಬಾಯಿಗೆ ಸೆರಗು ಹಿಡಿದಳು. ನಾಜಿಯಾಳ ಕಣ್ಣು ತುಂಬಿತು. ಸಂಘಟಕರು ಓಡಿಬಂದು ಗಾದಿ ಎಳೆದರು. ಕೆಳಗೆ ಕಲ್ಲಿನಂಥ ಸಿಮೆಂಟ್. ನಾಜಿಯಾ ಒಂದು ಪೆಟ್ಟು ಹೊಡೆದಳು, ಎಡ್ವಿನ್ ಕಾಲಿಟ್ಟು ನೋಡಿ ತಲೆ ಅಡ್ಡ ಆಡಿಸಿದ. ಏನೂ ಇಲ್ಲ.

ಆಗ ಗಲಗಲಿ ಮಾಸ್ತರರು ಎದ್ದು ನಿಂತರು. "ಹೊಡಿಯವಾ ನೀ," ಎಂದು ನಾಜಿಯಾಳಿಗೆ ಹೇಳಿ, ತಾಳದ ಮೊದಲ ಪೆಟ್ಟಿಗೆ, ಅವರು ಸಮ ಎನ್ನುವ ಜಾಗಕ್ಕೆ, ಕೈಯನ್ನು ತಲೆಯ ಮೇಲೆತ್ತಿ ಇಳಿಸಿದರು. ಸಾಲಿನವರೆಲ್ಲ ಎತ್ತಿದರು. ಹಿಂದಿನ ಸಾಲುಗಳೂ ಎತ್ತಿದವು. ಎಡ್ವಿನ್ ಆ ಕೈಗಳ ಮೇಲೆ ಕಣ್ಣು ನೆಟ್ಟ. ಅವು ಬಿದ್ದಾಗ ಅವನ ಹೆಬ್ಬೆರಳೂ ಬಿತ್ತು. ಹನ್ನೊಂದು ನಿಮಿಷ ಸಭೆಯನ್ನು ಕುಣಿಸಿದ. ಗಲಗಲಿ ಮಾಸ್ತರರ ಧೋತರದ ಕಚ್ಚೆ ಸಡಿಲಾದದ್ದು ಅವರಿಗೂ ಗೊತ್ತಾಗಲಿಲ್ಲ. ನನ್ನ ಬದುಕಿನಲ್ಲಿ ಅಂಥ ಬೆಳಗು ಅದೊಂದೇ.

ಈಗ ನಾನು ಎಡ್ವಿನ್ನನ ಮಂಚದ ಪಕ್ಕದ ಮೂಲೆಯಲ್ಲಿದ್ದೇನೆ. ಆರ್ಕೆಸ್ಟ್ರಾ ಬಿಟ್ಟಾಗಿದೆ. ದವಡೆಗಿಟ್ಟರೂ ಅವನಿಗೆ ಈಗ ಸ್ವರ ತಿಳಿಯುವುದಿಲ್ಲ. ನನ್ನ ದಪ್ಪ ತಂತಿ ಸಡಿಲಾಗಿ ಶ್ರುತಿ ಇಳಿದು ಎಷ್ಟೋ ತಿಂಗಳಾಯಿತು. ಸುಗಂಧಿಗೆ ಶ್ರುತಿಯ ಗಂಧವಿಲ್ಲ. ದಿನಾ ಸಂಜೆ ಅವಳು ಎದುರಿಗೆ ಕೂತು ತೊಡೆ ತಟ್ಟುತ್ತಾಳೆ, ಅವನು ಹೊಡೆಯುತ್ತಾನೆ, ನಾನು ಅಪಸ್ವರ ನುಡಿಯುತ್ತೇನೆ. "ಹೆಂಗ ಬಂತು?" ಎಂದು ಕಣ್ಣರಳಿಸಿ ಕೇಳುತ್ತಾನೆ. ಹೇಳೋಣವೆಂದರೆ ನನಗೆ ಬಾಯಿಲ್ಲ. ಅವಳು ನಕ್ಕು ಮತ್ತೆ ಕೈ ಎತ್ತುತ್ತಾಳೆ. ಕೈ ಬೀಳುತ್ತದೆ, ಹೆಬ್ಬೆರಳು ಬೀಳುತ್ತದೆ. ಮೊದಲನೇ ಪೆಟ್ಟು ಇವತ್ತಿಗೂ ತಪ್ಪಿಲ್ಲ.