ಅಯ್ಯನವರ ಪಾದದ ಮೇಲೆ ಇಟಲಿಯ ರಾಜ

ಕೆಂಪಗೆ ಏನೋ ಜಾರಿತು, ರುದ್ರಮ್ಮ ಹೊಯ್ಯುತ್ತಿದ್ದ ತಾಮ್ರದ ತಂಬಿಗೆಯ ನೀರಿನ ಜೊತೆಗೇ ಬಂದು, ಪಾದಪೂಜೆಗೆ ಬಂದು ಕೂತ ಮಠದ ಅಯ್ಯನವರ ಬಲಪಾದಕ್ಕೆ ಅಂಟಿಕೊಂಡಿತು, ಕಣಗಿಲೆ ಎಸಳಿರಬೇಕು ಅಂತ ತೊಳೆಯಲು ಕೈ ಚಾಚಿದ ಕಲ್ಲೇಶಪ್ಪನಿಗೆ ಎಸಳಿನಲ್ಲಿ ಮೀಸೆ ಕಂಡಿತು — ಎಸಳಿಗೆಲ್ಲಿಯ ಮೀಸೆ, ಇವನು ಇಟಲಿಯ ರಾಜ, ಹತ್ತು ಚೆಂತೆಸಿಮಿಯ, ಅಂದರೆ ಅಲ್ಲಿಯ ಹತ್ತು ಕಾಸಿನ, ಕೆಂಪು ಸ್ಟಾಂಪು, ಆರು ವರ್ಷದಿಂದ ಆಲ್ಬಮ್ಮಿನಲ್ಲಿ ಒಂದು ಚೌಕ ಖಾಲಿ ಬಿಟ್ಟು ಕಾದದ್ದು ಇವನಿಗೇ. ಥೂ ನನ್ನ ಜಾಣತನಕ್ಕಿಷ್ಟು, ಲಕೋಟೆಯ ಚೂರಿನಿಂದ ಬಿಡಲಿ ಅಂತ ರಾತ್ರಿ ನೆನೆಹಾಕಿದ್ದು ಈ ತಂಬಿಗೆಯಲ್ಲೇ, ಪೂಜೆಕೋಣೆಯ ಮೂಲೆಯಲ್ಲಿಟ್ಟರೆ ಮೀಯದೆ ಯಾರೂ ಮುಟ್ಟುವುದಿಲ್ಲ ಅಂದುಕೊಂಡೆ, ಇವತ್ತು ಪಾದಪೂಜೆ, ಇವಳು ಕೋಳಿ ಕೂಗುವ ಮುಂಚೆ ಮಿಂದು ಕೂತಿರುತ್ತಾಳೆ ಅಂತ ಹೊಳೆಯಲೇ ಇಲ್ಲ.

ಚಿವುಟಿ ತೆಗೆದರೆ ಹರಿಯುತ್ತದೆ, ಅಂಚಿನ ಒಂದು ಹಲ್ಲು ಹೋದರೂ ಕಸಕ್ಕೆ ಸಮ — ಹಾಗೆಂದವನು ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಜವರಪ್ಪ, ಬಿಳಿ ದೊರೆ ಬಿಟ್ಟುಹೋದ ಬಂಗಲೆಯ ಹಳೇ ಕಾಗದದಿಂದ ಇದನ್ನು ಕತ್ತರಿಸಿ ತಂದವನು, ಅರ್ಧ ಸೇರು ಏಲಕ್ಕಿ, ಒಂದು ಕಾಯಿ ಕಮ್ಮಿಯಾದ್ರೂ ಆಗಾಕಿಲ್ಲ ಕಲ್ಲೇಶಪ್ನೋರೆ, ಅಂದ. ಕೊಟ್ಟೆ. ಜೇಬು ತುಂಬಿಸಿಕೊಂಡು ಹೊರಟವನನ್ನು ಜಗಲಿಯಲ್ಲಿ ರುದ್ರಮ್ಮ ನೋಡಿದಳು, ಏನ್ ಜವರಪ್ಪ, ಘಮ್ ಅಂತೀಯಲ್ಲ, ಸೆಂಟು ಹಾಕಿದ್ದೀಯ. ಇವತ್ತು ಬೆಳಗ್ಗೆ ಡಬ್ಬ ಹಿಡಿದು ಬಂದಳು, ರೀ, ಅಯ್ಯನೋರ ಪಾಯಸಕ್ಕೆ ಅಂತ ಎತ್ತಿಟ್ಟಿದ್ದ ಏಲಕ್ಕಿ ಎಲ್ಲೋಯ್ತು, ಇಲಿ ಕಣೆ, ಅಂದೆ, ಇಲಿ ತಿಂದು ಮತ್ತೆ ಮುಚ್ಚಳ ಹಾಕಿಟ್ಟು ಹೋಯ್ತಾ, ಅಂದಳು, ಈ ಕಾಲದ ಇಲಿ ಕಣೆ. ಈಗ ಅವಳ ಕಣ್ಣಿಗೆ ಬಿದ್ದರೆ ಮುಗಿಯಿತು, ಏಲಕ್ಕಿಯೂ ಆಚೆ ಬರುತ್ತದೆ, ಆಲ್ಬಮ್ಮು ನೆಟ್ಟಗೆ ನೀರೊಲೆಗೆ ಹೋಗುತ್ತದೆ.

ಸದ್ಯ, ವಿಭೂತಿ ಬಳಿದಳು, ಪತ್ರೆ ಇಟ್ಟಳು, ರಾಜನ ಮೂಗಿನವರೆಗೆ ಮುಚ್ಚಿತು, ಮೀಸೆ ಮಾತ್ರ ಆಚೆ. ಇಟಲಿಯವರು ಓಟು ಹಾಕಿ ರಾಜರ ಕಾಲವನ್ನೇ ಮುಗಿಸಿದರಂತೆ, ನಾವೂ ಮೊನ್ನೆ ಶನಿವಾರಸಂತೆಯಲ್ಲಿ ಓಟು ಹಾಕಿ ಬಂದೆವು, ನಮ್ಮ ಕೊಡಗಿಗೇ ಅಂತ ಮಡಿಕೇರಿಯಲ್ಲಿ ಮಂತ್ರಿಗಳು ಕೂತರು, ಇವನೊಬ್ಬ ಮಾತ್ರ ಇಳಿಯಲೊಲ್ಲ. ಬಗ್ಗಬೇಕು, ಬಗ್ಗಿದಾಗಲೇ ಎತ್ತಬೇಕು — ಬಗ್ಗಿದ, ಮೂರು ಬೆರಳನ್ನು ಒದ್ದೆ ಮಾಡಿಕೊಂಡು ರಾಜನ ಮುಖದ ಮೇಲೆ ಮೆಲ್ಲಗೆ ಒತ್ತಿದ, ಒಂದು ಅಂಚು ಎದ್ದಿತು, ಬಾರಪ್ಪ, ಬಾ ನನ್ನ ದೊರೆ, ಇನ್ನೊಂದು ಅಂಚು, ಸಾಕು ಏಳಪ್ಪ ಎನ್ನುತ್ತಿದ್ದಾರೆ ಅಯ್ಯನವರು, ಹಿಂದೆ ರುದ್ರಮ್ಮ ಮೂಗು ಒರೆಸಿಕೊಂಡಳು, ಮದ್ವೆಯಾಗಿ ಇಪ್ಪತ್ತು ವರ್ಷ ಆಯ್ತು ಬುದ್ಧಿ, ಇವ್ರು ಇಷ್ಟೊತ್ತು ಅಡ್ಡಬಿದ್ದಿದ್ದು ಇದೇ ಮೊದ್ಲು, ಅಯ್ಯೋ ಪಾಪ, ಇವಳಿಗೆ ಸುಳ್ಳು ಹೇಳಬಾರದಿತ್ತು, ನಾಳೆ ಹೇಳಿಬಿಡುತ್ತೇನೆ, ನಾಳಿದ್ದು — ಬಂತು, ಇಡಿಯಾಗಿ ಬಂತು, ಬೆರಳಿಗೆ ಅಂಟಿಕೊಂಡು ಬಂತು, ಒಂದು ಹಲ್ಲೂ ಮುರಿದಿಲ್ಲ.

ಎದ್ದ. ಗೆದ್ದೆ, ಆ ಚೌಕ ತುಂಬಿತು, ಅಂದುಕೊಳ್ಳುತ್ತಿರುವಾಗಲೇ ಅಯ್ಯನವರ ಪಾದ ಮುಟ್ಟಿದ ಕೈ, ಚಿಕ್ಕಂದಿನಿಂದ ಕಲಿತ ಹಾಗೆ, ತಾನಾಗಿಯೇ ಮೇಲೆ ಹೋಗಿ ಹಣೆಯ ಮೇಲೆ ಮೂರು ಬೆರಳು ಎಳೆದುಕೊಂಡು ಇಳಿಯಿತು. ಬೆರಳು ನೋಡಿಕೊಂಡ. ವಿಭೂತಿ ಇತ್ತು, ರಾಜ ಇರಲಿಲ್ಲ. ಅಯ್ಯನವರು ಇವನ ಮುಖವನ್ನೇ ನೋಡುತ್ತಿದ್ದಾರೆ, ಹಣೆಯ ಮೇಲೆ ಯಾರಪ್ಪ ಇವರು, ಅಂದರು, ರುದ್ರಮ್ಮ ಹತ್ತಿರ ಬಂದಳು, ನೋಡಿದಳು, ಜವರಪ್ಪನ ಸೆಂಟು ನೆನಪಾದವಳ ಹಾಗೆ ಗಾಳಿಯನ್ನು ಒಮ್ಮೆ ಮೂಸಿದಳು, ಇಲಿ ಸಿಕ್ತು ಬುದ್ಧಿ, ಅಂದಳು. ತಟ್ಟೆಯಲ್ಲಿ ಪಾದ ತೊಳೆದ ನೀರು ನಿಂತಿದೆ, ನೀರಿನಲ್ಲಿ ಒಂದು ಹಣೆ, ಹಣೆಯಲ್ಲಿ ಮೂರು ಬಿಳಿ ಗೆರೆ, ಗೆರೆಯ ನಡುವೆ ಕೆಂಪಗೆ, ಆ ಮೀಸೆ.